ಆರು ಗಂಟೆಯ ಬೆಳಕು

ಕಡಲಿಂದ ಉಪ್ಪು ಕಳೆಯುವುದು ನನ್ನ ಉದ್ಯೋಗ.
ಜುಬೈಲಿನ ಸ್ಥಾವರದಲ್ಲಿ ಪಂಪುಗಳ ನಾಲ್ಕನೇ ಸಾಲು,
ನಡುಗುವ ಒತ್ತಡದ ಮುಳ್ಳು,
ಈ ಕಡೆಯಿಂದ ಸಮುದ್ರ, ಆ ಕಡೆಯಿಂದ ಕುಡಿಯುವ ನೀರು.
ಮನೆಗೆ ಬಂದರೆ ಬಕೆಟ್ಟಿನಲ್ಲಿ ಸಿಹಿನೀರು ಹಿಡಿದು
ಚೀಲದ ಉಪ್ಪು ತೂಗಿ ಸುರಿದು
ಮರದ ಸೌಟಿನಲ್ಲಿ ಕಲಕಿ ಕಡಲು ಮಾಡುತ್ತೇನೆ.
ಲೀಟರಿಗೆ ಮೂವತ್ತೈದು ಗ್ರಾಂ.
ಮೈಮೂನಾ ಬಾಗಿಲಿಗೊರಗಿ ನಗುತ್ತಾಳೆ:
"ಅಲ್ಲಿ ಕಳೆದದ್ದನ್ನು ಇಲ್ಲಿ ಕೂಡಿಸಿದರೆ
ಸಂಬಳ ಯಾವುದಕ್ಕೆ ಕೊಡ್ತಾರೆ ಮಾರಾಯ್ರೆ?"

ನಲವತ್ತು ಲೀಟರಿನ ಗಾಜಿನ ತೊಟ್ಟಿ, ಟಿವಿ ಇರಬೇಕಾದ ಜಾಗದಲ್ಲಿ.
ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಂದು ಮೀನು,
ಎರಡು ಸೀಗಡಿ,
ಅಂಗಡಿಯ ಬಲೂಚಿ ಮುದುಕ
ಜೀವವಿದೆ ಎಂದು ಆಣೆಯಿಟ್ಟು ಮಾರಿದ ಒಂದು ಕಲ್ಲು.

ಚಳಿ ಇಳಿಯುವ ಹೊತ್ತಿಗೆ ಪಾಚಿ ಬಂತು.
ಮೊದಲು ಗಾಜಿನ ಮೂಲೆಗೆ ಕಂದು ಪುಡಿ,
ಯಾರೋ ಚಹಾ ಚೆಲ್ಲಿ ಒರೆಸದೆ ಹೋದ ಹಾಗೆ.
ಆಮೇಲೆ ಕಲ್ಲಿಗೆ ಹಸಿರು ಕೂದಲು.
ಸೋಮವಾರ ಅನುಮಾನದಂಥ ಮೀಸೆ,
ಶುಕ್ರವಾರಕ್ಕೆ ಗಡ್ಡ.

ಕಿತ್ತೆ. ಹಳೆಯ ಟೂತ್ ಬ್ರಷ್ಷಿನಲ್ಲಿ ತಿಕ್ಕಿದೆ.
ಮೀನಿನ ಊಟ ಚಿಟಿಕೆಯಿಂದ ಅರ್ಧ ಚಿಟಿಕೆಗೆ ಇಳಿಸಿದೆ.
ಸ್ಪಂಜು ಹಿಂಡಿದೆ, ನೀರು ಬದಲಿಸಿದೆ,
ಐದು ಬಸವನಹುಳು ತಂದು ಬಿಟ್ಟೆ.
ಅವು ಗಾಜಿನ ಮೇಲೆ ನಿಧಾನ ದಾರಿ ಕಡಿದವು.
ಕೊನೆ ಮುಟ್ಟುವಷ್ಟರಲ್ಲಿ ದಾರಿಯ ಮೊದಲಿಗೆ
ಮತ್ತೆ ಹಸಿರು.
"ಬಿಸ್ಕೆಟ್ ಹಾಕ್ತೀಯಾ?" ಎಂದು ಝಿಯಾಳನ್ನು ಗದರಿಸಿದೆ.
ಆರು ವರ್ಷದವಳು, ಇಲ್ಲ ಎನ್ನಲೂ ಆಗದೆ ಅತ್ತಳು.

ಡ್ಯೂಟಿಯ ಪುಸ್ತಕದ ಹಾಗೇ ಗೆರೆ ಎಳೆದು ಬರೆದೆ:
ನೈಟ್ರೇಟ್ ಸೊನ್ನೆ. ಫಾಸ್ಫೇಟ್ ಸೊನ್ನೆ.
ಲೆಕ್ಕದ ಪ್ರಕಾರ ಪಾಚಿ ಉಪವಾಸ ಸಾಯಬೇಕು.
ಮುದುಕ ಹಾಳೆ ನೋಡಿ ಹಲ್ಲಿಲ್ಲದೆ ನಕ್ಕ:
"ಎಲ್ಲ ಅದೇ ತಿಂದಿದೆ, ನಿನಗೇನು ಉಳಿದೀತು?
ದೀಪ ಎಷ್ಟು ಹೊತ್ತು?"
ಆರು ಗಂಟೆ ಎಂದೆ.
ಸಿಗರೇಟು ಬಿಟ್ಟೆನೆನ್ನುವ ರೋಗಿಯನ್ನು
ಡಾಕ್ಟರು ನೋಡುವ ಹಾಗೆ ನೋಡಿದ.

ಆ ವಾರವೇ ಕಡಲಿಗೂ ಬಂತು.
ನಡುರಾತ್ರಿ ಜಾಲರಿಯ ತುಂಬ ಕೆಂಗಂದು ಲೋಳೆ,
ಟಾರ್ಚು ಬಿಟ್ಟಲ್ಲೆಲ್ಲ ನೀರು ತುಕ್ಕಿನ ಬಣ್ಣ, ಕೊಳೆತ ವಾಸನೆ.
ಸಾಲು ನಿಲ್ಲಿಸಿ ಎಂದರು. ನಿಲ್ಲಿಸಿದೆವು.
ಎರಡೂವರೆಗೆ ವ್ಯಾನು ನನ್ನನ್ನು ಮನೆಯೆದುರು ಇಳಿಸಿತು.

ಬೀಗ ತೆಗೆದರೆ ಕೋಣೆಯೆಲ್ಲ ನೀಲಿ.
ಝಿಯಾ ಮುಖದ ತುಂಬ ನನ್ನ ಲುಂಗಿ ಹೊದ್ದು ಮಲಗಿದ್ದಳು.
ನೆಲದ ಮೇಲೆ, ತೊಟ್ಟಿಯ ಪಕ್ಕ, ಮೈಮೂನಾ.
ತೊಡೆಯ ಮೇಲೆ ಪುಸ್ತಕ:
ತ್ರಿಕೋನದೊಳಗೊಂದು ಒಂಟೆ,
ಕೆಂಪು ವೃತ್ತದೊಳಗೆ ಎಂಬತ್ತು,
ಅಡ್ಡಗೆರೆ ಹೊಡೆಸಿಕೊಂಡ ಬಾಣ.
"ದೊಡ್ಡ ಲೈಟು ಹಾಕಿದರೆ ಮಗು ಏಳ್ತದೆ," ಎಂದಳು.
ಆಮೇಲೆ: "ಲೈಸೆನ್ಸ್ ಕೈಗೆ ಬಂದ ಮೇಲೆ ಹೇಳುವ ಅಂತಿದ್ದೆ."
ಆಮೇಲೆ, ಪುಟದಿಂದ ಬೆರಳು ತೆಗೆಯದೆ:
"ಎರಡು ಸಲ ಫೇಲು."

ಎಷ್ಟು ರಾತ್ರಿಯಿಂದ ಎಂದು ಕೇಳಲಿಲ್ಲ.
ಕಲ್ಲಿನ ಮೇಲೆ ಬೆರಳುದ್ದ ಬೆಳೆದು ನಿಂತಿತ್ತು ಉತ್ತರ,
ಪಂಪಿನ ಅಲೆಗೆ ಮೆಲ್ಲಗೆ ಓಲಾಡುತ್ತ.
ಅಷ್ಟು ದೊಡ್ಡ ಯಂತ್ರ ನಿಲ್ಲಿಸಿ ಬಂದವನು
ಆ ಒಂದು ಸ್ವಿಚ್ಚಿಗೆ ಕೈ ಹಾಕಲಾರದೆ
ಷೂ ಬಿಚ್ಚಿ ಅವಳ ಹತ್ತಿರ ಕುಳಿತೆ.

ಈಗ ತೊಟ್ಟಿಗೆ ಟೈಮರ್ ಇದೆ, ನಾಲ್ಕರಿಂದ ಹತ್ತು.
ಅವಳಿಗೆ ಕೊರಳಿಗೆ ಸಿಕ್ಕಿಸುವ ಓದುದೀಪ, ಹದಿನೆಂಟು ರಿಯಾಲಿನದು.
ಝಿಯಾಳಿಗೆ ಎರಡು ಪೊಟ್ಟಣ ಬಿಸ್ಕೆಟ್,
ಅದರ ಕಾರಣ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.
ಪಾಚಿ ಸತ್ತಿಲ್ಲ. ತೆಳುವಾಗಿದೆ.
ಹಿಂದಿನ ಗಾಜನ್ನು ಹುಳುಗಳ ಪಾಲಿಗೆ ಬಿಟ್ಟಿದ್ದೇನೆ.

ನಿನ್ನೆ ಮುಂದಿನ ಗಾಜು ಉಜ್ಜುತ್ತಿದ್ದೆ,
ಪುಸ್ತಕ ಹಿಡಿದು ಕೇಳಿದಳು:
"ವೃತ್ತದಲ್ಲಿ ಮೊದಲು ದಾರಿ ಯಾರಿಗೆ?"
"ಹೊರಗಿನಿಂದ ಬರುವವರಿಗೆ?"
"ತಪ್ಪು," ಎಂದಳು, ಬಲು ಖುಷಿಯಿಂದ,
"ಒಳಗೆ ಸುತ್ತುತ್ತಾ ಇರುವವರಿಗೆ."
ಮೀನು ಬ್ರಷ್ಷಿನ ಹತ್ತಿರ ಬಂತು.
ಕೈ ತೆಗೆದೆ.